ಲೀಟರಿಗೆ ಎಷ್ಟು ಬಂತು

"ನಿಂಗೆ ಕಾರು ಓಡ್ಸೋದು ನಾನೇ ಕಲಿಸ್ತೀನಿ. ಒಂದೇ ಒಂದ್ಸಲಾನೂ ಬೈಯಲ್ಲ" ಎಂದು ಅಪ್ಪ ಮಗಳಿಗೆ ಮಾತು ಕೊಟ್ಟಾಗ ಅವಳ ಕಾಲು ಇನ್ನೂ ಪೆಡಲಿಗೆ ಎಟುಕುತ್ತಿರಲಿಲ್ಲ.

ಅಪ್ಪ ಲಿಫ್ಟ್ ರಿಪೇರಿಯವನು. ಶಾಲೆಗೆ ರಜೆಯಿದ್ದ ಒಂದು ದಿನ ಮಗಳನ್ನೂ ಕೆಲಸಕ್ಕೆ ಕರೆದುಕೊಂಡು ಹೋಗಿದ್ದ. ಆಗ ತಾನೇ ಸರಿಪಡಿಸಿದ ಲಿಫ್ಟಿನೊಳಗೆ ನುಗ್ಗಿದ ಹುಡುಗಿ ಇದ್ದಬದ್ದ ಬಟನ್ನುಗಳನ್ನೆಲ್ಲ ಒತ್ತಿಬಿಟ್ಟಳು. ಕಟ್ಟಡದವರು ಸಾಮಾನಿನ ಚೀಲ ಹಿಡಿದುಕೊಂಡು ಕೆಳಗೆ ಕಾಯುತ್ತಲೇ ನಿಂತರು. ಅವತ್ತಿನಿಂದ ಮನೆಯಲ್ಲಿ ಅವಳ ಹೆಸರು ಬಟನ್. ಸಂಜೆ ನೆಲಮಾಳಿಗೆಯಲ್ಲಿ, ಕಂಪನಿಯ ವ್ಯಾನಿನ ಸ್ಟೇರಿಂಗ್ ಹಿಡಿದು ಬಾಯಲ್ಲೇ ಎಂಜಿನ್ ಸದ್ದು ಮಾಡುತ್ತಿದ್ದವಳಿಗೆ ಅಪ್ಪ ಆ ಮಾತು ಕೊಟ್ಟ. ಬೈಯಲ್ಲ ಎಂದು ಸೇರಿಸಿದ್ದಕ್ಕೆ ಕಾರಣವಿತ್ತು. ಅಪ್ಪನಿಗೆ ಕಲಿಸಿದವನು ಅವನ ಅಪ್ಪ, ಎಂದರೆ ಬಟನ್‌ಳ ತಾತ. ತಾತ ದೂರದ ರೂಟಿನ ಬಸ್ ಡ್ರೈವರ್. ಗೇರ್ ತಪ್ಪಿದಾಗಲೆಲ್ಲ ಸ್ಟೀಲ್ ಟಾರ್ಚಿನಿಂದ ಬೆರಳ ಗೆಣ್ಣಿಗೆ ಒಂದು ಬಿಡುತ್ತಿದ್ದ, ಡಿಪೋದಲ್ಲಿ ಎಲ್ಲರ ಎದುರಿಗೆ. ಮೀಸೆ ಬಂದ ಮಗ ಕಣ್ಣಲ್ಲಿ ನೀರು ಹಾಕಿಕೊಂಡೇ ಕಲಿತಿದ್ದ.

ಈಗ ಬಟನ್ ಲ್ಯಾಬ್ ಕೋರ್ಸ್ ಮುಗಿಸಿದ್ದಳು. ರಕ್ತಪರೀಕ್ಷೆ ಮಾಡುವ ಲ್ಯಾಬೊಂದು ಅವಳನ್ನು ಕೆಲಸಕ್ಕೆ ಆರಿಸಿತ್ತು. ಎದ್ದು ಓಡಾಡಲಾಗದ ರೋಗಿಗಳ ಮನೆಗೆ ಲ್ಯಾಬಿನ ಕಾರಿನಲ್ಲಿ ಹೋಗಿ ರಕ್ತ ತೆಗೆದುಕೊಂಡು ಬರಬೇಕು. ಷರತ್ತು ಒಂದೇ. ತಿಂಗಳು ಮುಗಿಯುವುದರೊಳಗೆ ಲೈಸೆನ್ಸ್ ಕೈಯಲ್ಲಿರಬೇಕು. ಇಲ್ಲದಿದ್ದರೆ ಸಾಲಿನಲ್ಲಿ ಕಾದಿರುವ ಇನ್ನೊಬ್ಬಳಿಗೆ ಕೆಲಸ.

ಆ ರಾತ್ರಿ ಊಟದ ಮೇಜಿನಲ್ಲಿ ಇದೇ ಮಾತು. ಅಮ್ಮ ಬೇಕರಿಯಲ್ಲಿ ಬೆಳಗಿನ ಪಾಳಿಯವಳು. ಅಲ್ಲಿ ಉಳಿದ ಬ್ರೆಡ್ಡನ್ನು ಮನೆಗೆ ತಂದು ಕಾಯಿಸಿ ಹಾಕುತ್ತಿದ್ದಳು.

"ಡ್ರೈವಿಂಗ್ ಸ್ಕೂಲಿಗೆ ಸೇರಿಸಿಬಿಡೋಣ ರೀ. ಟೈಮಿಲ್ಲ."

"ಸ್ಕೂಲ್ ಯಾಕೆ? ನಾನಿಲ್ವಾ?"

"ನೀವಿದ್ದೀರಲ್ಲ, ಅದಕ್ಕೇ ಹೇಳ್ತಿರೋದು."

ತಾತ ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತ, "ನನ್ನ ಕೈಗೆ ಬಿಡಿ. ಎರಡೇ ದಿನದಲ್ಲಿ ರೋಡಿಗೆ ಇಳಿಸ್ತೀನಿ" ಅಂದ.

"ಆ ಟಾರ್ಚನ್ನ ಮೊದಲು ಗುಜರಿಗೆ ಹಾಕಿ, ಮಾವ. ಆಮೇಲೆ ಮಾತಾಡಿ."

"ಟಾರ್ಚಿಂದಾನೇ ನಿನ್ನ ಗಂಡ ಇವತ್ತಿಗೂ ಒಂದು ಆಕ್ಸಿಡೆಂಟ್ ಮಾಡಿಲ್ಲ ಕಣಮ್ಮ."

"ಇವರು ಹೋಗೋ ಸ್ಪೀಡಿಗೆ ಆಕ್ಸಿಡೆಂಟ್ ಆಗೋದಾದರೂ ಹೇಗೆ? ಸೈಕಲ್ಲಿನವರು ಟಾಟಾ ಮಾಡ್ಕೊಂಡು ಮುಂದೆ ಹೋಗ್ತಾರೆ."

ಬಟನ್ ನಕ್ಕಳು. ನಕ್ಕು, ಅಪ್ಪನ ಮುಖ ನೋಡಿ, "ಅಪ್ಪಾನೇ ಕಲಿಸ್ಲಿ ಅಮ್ಮ. ಅವತ್ತೇ ಹೇಳಿದ್ದ" ಅಂದಳು. ಅಪ್ಪ ಇನ್ನೊಂದು ತುಂಡು ಬ್ರೆಡ್ ತೆಗೆದುಕೊಂಡ. ಬೇಕಾಗಿರಲಿಲ್ಲ, ಆದರೂ ತೆಗೆದುಕೊಂಡ.

ಅಮ್ಮನ ಭಯಕ್ಕೆ ಕಾರಣ ಮನೆಯ ಕಾರು. ಹಳೆಯದಾಗಿ ಕೊಂಡ ಹೈಬ್ರಿಡ್. ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿಯ ಮೋಟಾರೂ ಇದೆ. ಮೆತ್ತಗೆ ಹೊರಟರೆ ಎಂಜಿನ್ ಏಳುವುದೇ ಇಲ್ಲ, ಮೋಟಾರೇ ಎಳೆದುಕೊಂಡು ಹೋಗುತ್ತದೆ. ಮುಂದಿನ ಸಿಗ್ನಲ್ ಕೆಂಪಾದದ್ದನ್ನು ದೂರದಿಂದಲೇ ಕಂಡು ಬ್ರೇಕನ್ನು ಹಗುರವಾಗಿ ಒತ್ತುತ್ತ ಬಂದರೆ ಚಕ್ರದ ಓಟ ಕರೆಂಟಾಗಿ ಬ್ಯಾಟರಿಗೆ ಮರಳುತ್ತದೆ. ಅಪ್ಪನಿಗೆ ಇದು ಹೊಸದಲ್ಲ. ತುಂಬಿದ ಲಿಫ್ಟ್ ಇಳಿಯುವಾಗ ಕಟ್ಟಡಕ್ಕೆ ಕರೆಂಟು ವಾಪಸ್ಸು ಕೊಡುವ ಯಂತ್ರಗಳನ್ನು ಅವನೇ ಕೂರಿಸಿದ್ದ. ಹೋದದ್ದು ಮರಳಿ ಬರುತ್ತದೆ ಎನ್ನುವುದು ಅವನಿಗೆ ಎಷ್ಟು ನೋಡಿದರೂ ಮುಗಿಯದ ಸಂತೋಷ.

ಮೊದಮೊದಲು ಇದು ಹುಚ್ಚಾಗಿರಲಿಲ್ಲ, ಅಗತ್ಯವಾಗಿತ್ತು. ಊರಿನ ಮೂಲೆಮೂಲೆಗೆ ಈಗ ಸ್ವಂತ ಕಾರಿನಲ್ಲಿ ಹೋಗುವ ಕೆಲಸಕ್ಕೆ ಕಂಪನಿ ತಿಂಗಳಿಗೆ ಇಷ್ಟೇ ಎಂದು ಪೆಟ್ರೋಲ್ ಖರ್ಚು ಕೊಡುತ್ತಿತ್ತು, ಅದರಲ್ಲಿ ಉಳಿದದ್ದು ಮನೆಗೆ. ಬಟನ್‌ಳ ಕೋರ್ಸಿನ ಫೀಸಿಗೂ ಅದರಿಂದ ಒಂದಿಷ್ಟು ಹೋಗಿತ್ತು. ಆಮೇಲೆ ಅಪ್ಪ ಅದೇ ಕಾರಿನವರ ಫೋನ್ ಗುಂಪೊಂದಕ್ಕೆ ಸೇರಿದ. ಹೆಸರು ಹನಿ ಬಳಗ. ಪ್ರತಿ ಭಾನುವಾರ ಎಲ್ಲರೂ ಕಾರಿನ ಪರದೆಯ ಫೋಟೋ ಹಾಕಬೇಕು, ಆ ವಾರ ಲೀಟರಿಗೆ ಎಷ್ಟು ಕಿಲೋಮೀಟರ್ ಬಂತು ಎಂದು. ಅಂದಿನಿಂದ ಕಾರಿನ ಮೇಲಿನ ಕ್ಯಾರಿಯರ್ ಇಳಿಯಿತು. ಡಿಕ್ಕಿಯಿಂದ ತಾತನ ಮಡಚುವ ಕುರ್ಚಿ ಹೊರಬಿತ್ತು, ಛತ್ರಿಗಳೂ ಹೊರಬಿದ್ದವು. ವಾರಕ್ಕೊಮ್ಮೆ ಟೈರಿನ ಗಾಳಿ ನೋಡುವುದು ವ್ರತದಂತಾಯಿತು. ಚಳಿಗಾಲ ಬಂದಾಗ ಹೀಟರ್ ನಿಂತಿತು. ಹೀಟರಿನ ಬಿಸಿ ಬರುವುದು ಎಂಜಿನ್ನಿನಿಂದ. ಅದನ್ನು ಹಾಕಿದರೆ ಸುಮ್ಮನೆ ಮಲಗಿದ್ದ ಎಂಜಿನ್ ಬಿಸಿಗೋಸ್ಕರವೇ ಏಳುತ್ತದೆ. ಹಾಗಾಗಿ ಅಮ್ಮ ಬೆಳಗಿನ ಕತ್ತಲಲ್ಲಿ ಕಂಬಳಿ ಹೊದ್ದುಕೊಂಡು ಬೇಕರಿಗೆ ಹೋಗುತ್ತಿದ್ದಳು. ಜೊತೆಯವರು ಆ ಕಾರನ್ನು ಹಾಸಿಗೆ ಗಾಡಿ ಎಂದು ಕರೆಯುತ್ತಿದ್ದರು.

ಕಲಿಕೆ ಶುರುವಾಯಿತು. ದಿನಾ ಸಂಜೆ ಕೆಲಸ ಮುಗಿಸಿ ಬಂದ ಅಪ್ಪ ಕೈಯ ಗ್ರೀಸ್ ತೊಳೆದು, ಚಹಾ ಕುಡಿದು, ಮಗಳ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ. ಮನೆಯ ಹಿಂದಿನ ಬೀದಿಗಳು, ಶಾಲೆಯ ಸುತ್ತಿನ ರಸ್ತೆ, ಮುಚ್ಚಿದ ಗೋದಾಮುಗಳ ಸಾಲು.

"ಪಾದ ಹಗುರ ಮಾಡು. ಮೊಟ್ಟೆ ಮೇಲೆ ಕಾಲಿಟ್ಟ ಹಂಗೆ."

"ಹಿಂಗಾ?"

"ಹಂಗೇ... ಹಂಗೇ... ಹೋಯ್ತು."

ಹೋಯ್ತು ಎಂದರೆ ಎಂಜಿನ್ ಎದ್ದಿತು ಎಂದರ್ಥ. ಪರದೆಯ ಮೇಲೆ ಬ್ಯಾಟರಿಯ ಓಟಕ್ಕೆ ಹಸಿರು ಪಟ್ಟಿ. ಅದನ್ನು ದಾಟಿದ ಕೂಡಲೇ ಎಂಜಿನ್ ಗುರ್ ಎನ್ನುತ್ತದೆ. ಅಪ್ಪ ಬೈಯುತ್ತಿರಲಿಲ್ಲ. ದನಿ ಏರಿಸುತ್ತಲೂ ಇರಲಿಲ್ಲ. ಪರದೆಗೆ ತೋರುಬೆರಳು ತಾಗಿಸಿ, ಉಸಿರು ಬಿಟ್ಟು, "ಹೋಯ್ತು" ಎನ್ನುತ್ತಿದ್ದ, ಸತ್ತವರ ಮನೆಯಿಂದ ಬಂದವನ ಹಾಗೆ.

ಮೊದಲ ವಾರದ ಕೊನೆಗೆ ಬಟನ್ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಅಮ್ಮನಿಗೆ ಹೇಳಿದಳು. "ಬೈದ್ಬಿಟ್ಟರೆ ವಾಸಿ ಅನ್ಸುತ್ತೆ ಕಣಮ್ಮ. ಆ 'ಹೋಯ್ತು' ಕೇಳಿದರೆ ಏನೋ ಒಡೆದು ಹಾಕಿದೀನಿ ಅನ್ಸುತ್ತೆ."

"ಹೇಳು ಅವರಿಗೆ."

"ಹೇಳಿದ್ರೆ ಬೇಜಾರ್ ಮಾಡ್ಕೋತಾನೆ. ಬೈಯಲ್ಲ ಅಂದಿದ್ದೀನಲ್ಲ, ಬೈದಿಲ್ಲವಲ್ಲ ಅಂತಾನೆ."

ಅವಳು ಅಪ್ಪನಿಗೆ ಹೇಳಲಿಲ್ಲ. ಹೋಯ್ತು ಎನ್ನಿಸಿಕೊಳ್ಳದೆ ಓಡಿಸುವುದನ್ನು ಕಲಿತಳು. ಚುರುಕು ಹುಡುಗಿ, ಬೇಗ ಹಿಡಿತ ಸಿಕ್ಕಿತು. ಎಲ್ಲಿ ಕಾಲು ತೆಗೆಯಬೇಕು, ಎಲ್ಲಿ ಕಾರನ್ನು ಅದರ ಪಾಡಿಗೆ ಜಾರಲು ಬಿಡಬೇಕು, ಕೆಂಪು ದೀಪ ಹಸಿರಾಗುವವರೆಗೆ ನಿಲ್ಲದೆ ತೆವಳಿಕೊಂಡು ಬರುವುದು ಹೇಗೆ, ಎಲ್ಲ ಬಂತು. ಕಣ್ಣು ರಸ್ತೆಯಿಂದ ಪರದೆಗೆ, ಪರದೆಯಿಂದ ರಸ್ತೆಗೆ ಓಡುತ್ತಿತ್ತು.

ಎರಡನೇ ವಾರದ ಭಾನುವಾರ ಅಪ್ಪ ಹೊರಗಿನಿಂದಲೇ ಕೂಗಿಕೊಂಡು ಬಂದ. "ಬಾರೇ ಇಲ್ಲಿ! ನಮ್ಮ ಕಾರಿಗೆ ಲೀಟರಿಗೆ ಇಷ್ಟು ಯಾವತ್ತೂ ಬಂದಿರ್ಲಿಲ್ಲ! ಬಳಗದಲ್ಲೇ ಮೊದಲು! ಎಲ್ಲರೂ ಯಾರು ಓಡ್ಸಿದ್ದು ಅಂತ ಕೇಳ್ತಿದಾರೆ. ನನ್ನ ಮಗಳು ಅಂತ ಹಾಕಿದೀನಿ."

ಬಟನ್ ಹಿಟ್ಟು ಹತ್ತಿದ ಕೈಯಲ್ಲೇ ಬಂದು ಫೋನು ನೋಡಿದಳು. ಗುರುತಿಲ್ಲದ ಜನ ಹೆಬ್ಬೆರಳು ಎತ್ತಿದ್ದರು, ಹೂವು ಕಳಿಸಿದ್ದರು. ಅವಳ ಕಿವಿ ಕೆಂಪಾಯಿತು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟ. ದೊಡ್ಡವಳಾದ ಮೇಲೆ ಹಾಗೆ ಇಟ್ಟಿರಲಿಲ್ಲ.

ತಾತ ಕನ್ನಡಕ ಏರಿಸಿಕೊಂಡು ಫೋನನ್ನು ದೂರ ಹಿಡಿದು ನೋಡಿ, "ಗಾಡಿ ಓಡಿಸೋದು ಊರು ಮುಟ್ಟೋಕೆ ಕಣಯ್ಯ. ಇದು ಎಲ್ಲಿಗೆ ಮುಟ್ಟಿತು?" ಅಂದ.

"ನಿಮ್ಮ ಬಸ್ಸು ಎಷ್ಟು ಕೊಡ್ತಿತ್ತು ಹೇಳಿ ನೋಡೋಣ."

"ಬಸ್ಸು ಜನಾನ ಊರು ಮುಟ್ಟಿಸ್ತಿತ್ತು. ಡೀಸೆಲ್ ಲೆಕ್ಕ ಹಾಕೋಕೆ ಡಿಪೋದಲ್ಲಿ ಬೇರೆ ಆಳಿದ್ದ."

"ಅದಕ್ಕೇ ಡಿಪೋ ಮುಳುಗಿದ್ದು."

ಎಲ್ಲರೂ ನಕ್ಕರು, ಅಮ್ಮನೊಬ್ಬಳನ್ನು ಬಿಟ್ಟು. ಅವಳು ಆಲೂಗಡ್ಡೆ ಸುಲಿಯುತ್ತ ಕೇಳಿದಳು. "ದೊಡ್ಡ ರಸ್ತೆಗೆ ಕರ್ಕೊಂಡು ಹೋದ್ರಾ?"

ಊರಿನ ಸುತ್ತ ವರ್ತುಲ ರಸ್ತೆಯೊಂದಿತ್ತು. ಲಾರಿ, ಬಸ್ಸು, ಕಾರು ಎಲ್ಲ ಒಂದೇ ಸಮ ಹರಿಯುವ ಜಾಗ. ಪಕ್ಕದ ಇಳಿಜಾರಿನಿಂದ ಹೋಗಿ ಆ ಓಟಕ್ಕೆ ಸೇರಿಕೊಳ್ಳಬೇಕು. ಲ್ಯಾಬಿನ ಕಾರು ದಿನಾ ಹೋಗುವುದೂ ಅದರಲ್ಲೇ. ಡ್ರೈವಿಂಗ್ ಪರೀಕ್ಷೆಯಲ್ಲೂ ಅದು ಬರುತ್ತದೆ.

"ಮುಂದಿನ ವಾರ" ಅಂದ ಅಪ್ಪ.

"ಹೋದ ವಾರಾನೂ ಇದೇ ಹೇಳಿದ್ರಿ."

"ಮೊದಲು ಕೈ ಕೂರ್ಲಿ ಕಣೇ."

"ಕೈ ಕೂರ್ಲಿ ಅಂತಾನೋ, ನಂಬರ್ ಇಳಿಯುತ್ತೆ ಅಂತಾನೋ?"

ಅಪ್ಪ ತಾತನ ಕೈಯಿಂದ ಫೋನು ತೆಗೆದುಕೊಂಡ. ದೊಡ್ಡ ರಸ್ತೆಯ ವೇಗದಲ್ಲಿ ಎಂಜಿನ್ ಮಲಗುವುದಿಲ್ಲ. ಗಾಳಿಯನ್ನು ಸೀಳಿಕೊಂಡು ಹೋಗಲು ಪೆಟ್ರೋಲ್ ಸುರಿಯಬೇಕು. ಇಡೀ ವಾರ ಕೂಡಿಸಿದ್ದು ಒಂದು ಸುತ್ತಿನಲ್ಲಿ ಕರಗುತ್ತದೆ. ಅದು ಅಮ್ಮನಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಕಾರಿನಲ್ಲಿ ಇದೇ ಜಗಳ ಮುಂದುವರಿಯಿತು. ಗಾಜಿನ ಒಳಗೆಲ್ಲ ಮಂಜು ಹಿಡಿದಿತ್ತು. ಅಪ್ಪ ಬಟ್ಟೆಯಿಂದ ಒರೆಸುತ್ತ ಒರೆಸುತ್ತ ಓಡಿಸುತ್ತಿದ್ದ.

"ಹೀಟರ್ ಹಾಕಿ ರೀ. ಕಾಲ್ಬೆರಳು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ."

"ಇನ್ನೇನು ಬಂದ್ವಿ."

"ಮದುವೆ ಆದಾಗಿಂದ ಇದೇ. ಇನ್ನೇನು ಬಂದ್ವಿ, ಇನ್ನೇನು ಬಂದ್ವಿ. ಆ ಹುಡುಗೀನ ನಾಳೆನೇ ದೊಡ್ಡ ರಸ್ತೆಗೆ ಕರ್ಕೊಂಡು ಹೋಗಿ. ನನ್ನ ಕಾಲು ಬೇಕಾದ್ರೆ ಕೊರೀಲಿ, ಅವಳ ಕೆಲಸ ತಪ್ಪಿದ್ರೆ ನಾನು ಸುಮ್ಮನಿರಲ್ಲ."

"ಕರ್ಕೊಂಡು ಹೋಗ್ತೀನಿ ಅಂದ್ನಲ್ಲ."

ಅವನು ಕರೆದುಕೊಂಡು ಹೋದ. ಆದರೆ ಹೋದದ್ದು ಭಾನುವಾರ ಬೆಳಿಗ್ಗೆ, ರಸ್ತೆ ಬರಿದಾಗಿದ್ದ ಹೊತ್ತಿನಲ್ಲಿ. ಇಳಿಜಾರಿನಿಂದ ಬಟನ್ ಮೆಲ್ಲಗೆ ಜಾರಿಕೊಂಡು ಸೇರಿದಳು. ಹಿಂದೆ ಯಾರೂ ಇರಲಿಲ್ಲ, ಮುಂದೆಯೂ ಇರಲಿಲ್ಲ. "ನೋಡು, ಇಷ್ಟೇ" ಅಂದ ಅಪ್ಪ. ಮುಂದಿನ ತಿರುವಿನಲ್ಲೇ ಹೊರಗೆ ಬಂದರು. ಎಂಜಿನ್ ಎದ್ದದ್ದು ಒಂದೇ ಸಲ.

ಪರೀಕ್ಷೆಯ ದಿನ ಅಮ್ಮ ಪಾಳಿ ಬದಲಾಯಿಸಿಕೊಂಡು ಮನೆಯಲ್ಲಿದ್ದಳು. ಬಟನ್‌ಗೆ ಎರಡು ಮೊಟ್ಟೆ ಬೇಯಿಸಿ ಕೊಟ್ಟಳು, ಅವಳು ಒಂದನ್ನು ತಾತನ ತಟ್ಟೆಗೆ ಹಾಕಿದಳು.

"ಕನ್ನಡಿ ನೋಡು. ಕನ್ನಡಿ ನೋಡು, ಒತ್ತು, ಹೋಗು. ಅಷ್ಟೇ" ಅಂದ ತಾತ.

"ಒತ್ತೋದೇನೂ ಬೇಡ. ನನ್ನ ಹತ್ರ ಹೆಂಗೆ ಓಡಿಸ್ತೀಯೋ ಹಂಗೇ ಓಡ್ಸು" ಅಂದ ಅಪ್ಪ.

ಅವಳು ಹಾಗೆಯೇ ಓಡಿಸಿದಳು. ಪಕ್ಕದಲ್ಲಿ ಅಧಿಕಾರಿ ಹೆಂಗಸು ಮೊಣಕಾಲ ಮೇಲೆ ಅಂಕ ಬರೆಯುವ ಹಲಗೆ ಇಟ್ಟುಕೊಂಡು ಕೂತಿದ್ದಳು, ಹೆಚ್ಚು ಮಾತಿನವಳಲ್ಲ. ಬೀದಿಗಳಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ವರ್ತುಲ ರಸ್ತೆಯ ಇಳಿಜಾರಿಗೆ ಬಂದಾಗ ಅದು ಭಾನುವಾರದ ರಸ್ತೆಯಾಗಿರಲಿಲ್ಲ. ಲಾರಿಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಬರುತ್ತಿದ್ದವು. ನಡುವೆ ಜಾಗವಿತ್ತು, ಆದರೆ ಅದು ಒತ್ತಿ ಹೋಗುವವರ ಜಾಗ. ಬಟನ್‌ಳ ಪಾದ ಮೊಟ್ಟೆಯ ಮೇಲಿತ್ತು. ಕನ್ನಡಿ ನೋಡಬೇಕಾದ ಹೊತ್ತಿನಲ್ಲಿ ಕಣ್ಣು ತಾನಾಗಿಯೇ ಪರದೆಗೆ ಹೋಯಿತು. ಪಟ್ಟಿ ಹಸಿರಲ್ಲೇ ಇತ್ತು. ಕಾರು ತೆವಳುತ್ತ ಇಳಿಜಾರಿನ ತುದಿಗೆ ಬಂತು. ಹಿಂದಿನ ವ್ಯಾನಿನವನು ಹಾರ್ನಿನ ಮೇಲೆ ಕೈ ಇಟ್ಟವನು ತೆಗೆಯಲೇ ಇಲ್ಲ.

"ವೇಗ ತಗೊಳ್ಳಮ್ಮ" ಅಂದಳು ಅಧಿಕಾರಿ. ಮತ್ತೆ, ಗಟ್ಟಿಯಾಗಿ, "ತಗೋ!"

ಬಟನ್ ಬ್ರೇಕ್ ಒತ್ತಿದಳು. ಹಗುರವಾಗಿ, ಅಪ್ಪ ಕಲಿಸಿದಂತೆ. ಕಾರು ವರ್ತುಲ ರಸ್ತೆಯ ಬಾಯಲ್ಲಿ ನಿಂತೇ ಬಿಟ್ಟಿತು. ಹಿಂದಿನ ವ್ಯಾನು ಕೂದಲೆಳೆಯಲ್ಲಿ ತಪ್ಪಿಸಿಕೊಂಡು ಪಕ್ಕದ ಮಣ್ಣಿಗೆ ಇಳಿಯಿತು.

ಕಚೇರಿಯ ಅಂಗಳದಲ್ಲಿ ಅಪ್ಪ ಯಂತ್ರದ ಚಹಾ ಹಿಡಿದು ಕಾಯುತ್ತಿದ್ದ. ಕಾರು ಬಂತು. ಅಧಿಕಾರಿ ಇಳಿದು, ಅವನತ್ತ ಒಮ್ಮೆ ನೋಡಿ, ಒಳಗೆ ಹೋದಳು. ಬಟನ್ ಗಾಜು ಇಳಿಸಿದಳು.

"ಫೇಲು ಅಪ್ಪ."

ಅಪ್ಪ ಕಿಟಕಿಗೆ ಬಗ್ಗಿದ. ಮಗಳ ಮುಖ ನೋಡಬೇಕೆಂದೇ ಬಗ್ಗಿದ್ದು. ಆದರೆ ಅಭ್ಯಾಸ, ಕಣ್ಣು ಅವಳನ್ನು ದಾಟಿ ಪರದೆಯ ನಂಬರಿಗೆ ಹೋಯಿತು. ಒಂದು ಕ್ಷಣ, ಅಷ್ಟೇ. ಬಟನ್ ನೋಡಿದಳು.

"ಅದು ಚೆನ್ನಾಗೇ ಬಂದಿದೆ" ಅಂದಳು.

ಮನೆಯವರೆಗೆ ಅವನೇ ಓಡಿಸಿದ. ಎಂಜಿನ್ ಎರಡು ಮೂರು ಸಲ ಎದ್ದಿತು, ಅವನು ಪರದೆಗೆ ಬೆರಳು ತಾಗಿಸಲಿಲ್ಲ.

ಮರುಪರೀಕ್ಷೆಗೆ ದಿನ ಸಿಕ್ಕಿದ್ದು ತಿಂಗಳು ಮುಗಿದ ಮೇಲೆ. ಅಪ್ಪ ಲ್ಯಾಬಿಗೆ ಹೋಗಿ ಕೇಳಿ ನೋಡಿದ. ಅಲ್ಲಿನವರು ಮರ್ಯಾದೆಯಿಂದಲೇ ಕೂರಿಸಿ, ರೋಗಿಗಳು ಕಾಯುವುದಿಲ್ಲ ಎಂದರು. ಸಾಲಿನಲ್ಲಿದ್ದ ಇನ್ನೊಬ್ಬಳು ಆಗಲೇ ಸೇರಿದ್ದಳು. ಒಳಗಿನ ಕೆಲಸ ಬೇಕಾದರೆ ಇದೆ, ಟ್ಯೂಬುಗಳಿಗೆ ಚೀಟಿ ಅಂಟಿಸುವುದು, ಸಂಬಳ ಅರ್ಧಕ್ಕಿಂತ ಸ್ವಲ್ಪ ಮೇಲು ಎಂದರು.

ಆ ವಿಷಯ ಹೇಳಿದಾಗ ಮೇಜಿನಲ್ಲಿ ಯಾರೂ ಸೂಪು ಮುಟ್ಟಲಿಲ್ಲ.

"ಸೇರ್ತೀನಿ" ಅಂದಳು ಬಟನ್.

ತಾತ ಚಮಚ ಕುಕ್ಕಿದ. "ನಾನು ಟಾರ್ಚಲ್ಲಿ ಹೊಡೆದೆ ಅಂತ ಊರೆಲ್ಲಾ ಹೇಳ್ಕೊಂಡು ಬಂದೆಯಲ್ಲ. ಈಗ ನೀನೇನು ಮಾಡ್ದೆ?"

"ನಾನು ಒಂದು ಮಾತೂ ಬೈದಿಲ್ಲ" ಅಂದ ಅಪ್ಪ. "ಕೇಳಿ ಬೇಕಾದ್ರೆ. ಬೈದಿದ್ನೇನೇ ಬಟನ್?"

"ಇಲ್ಲ ಅಪ್ಪ."

"ಮತ್ತೆ?"

"ಬೈದಿದ್ರೆ ನಿಂಗೆ ಎದುರು ಮಾತಾಡ್ತಿದ್ದೆ. ಜಗಳ ಆಡಿ ದೊಡ್ಡ ರಸ್ತೆಗೆ ಹೋಗ್ತಿದ್ದೆ. ನೀನು ಉಸಿರು ಬಿಡ್ತಿದ್ದೆ, ನಾನೇನು ಮಾಡ್ಲಿ?" ಅವಳ ದನಿ ಏರಲಿಲ್ಲ. "ನಿಂಗೆ ಖುಷಿ ಆಗ್ಲಿ ಅಂತ ಓಡ್ಸಿದೆ. ರೋಡು ನೋಡ್ಕೊಂಡು ಓಡ್ಸಿಲ್ಲ."

ಅಪ್ಪ ಕೈಯಲ್ಲಿದ್ದ ಬ್ರೆಡ್ಡನ್ನು ಚೂರು ಮಾಡಿದ. "ನಾಳೆಯಿಂದ ದಿನಾ ದೊಡ್ಡ ರಸ್ತೆಗೇ ಹೋಗೋಣ. ಎಷ್ಟು ಬೇಕಾದ್ರೂ ಕುಡೀಲಿ ಅದು" ಅಂದ.

"ಬೇಡ ಅಪ್ಪ. ಸ್ಕೂಲಿಗೆ ಸೇರ್ಕೊಂಡಿದೀನಿ."

"ಯಾವಾಗ?"

"ನಿನ್ನೆ. ಅಮ್ಮ ಬಂದಿದ್ಳು ಜೊತೆಗೆ."

ಅಪ್ಪ ಅಮ್ಮನ ಕಡೆ ನೋಡಿದ. ಅಮ್ಮ ಎದ್ದು ಆರಿದ ಸೂಪನ್ನು ಮತ್ತೆ ಬಿಸಿಗೆ ಇಟ್ಟಳು.

ಸ್ಕೂಲಿನ ಕಾರು ಹಳೇ ಡಬ್ಬ, ಗುಂಡಿಗಳಲ್ಲಿ ಇಡೀ ಬಾಗಿಲು ನಡುಗುತ್ತಿತ್ತು. ಕಲಿಸುವ ಹೆಂಗಸಿನದು ಗಂಟಲಲ್ಲ, ಹಾರ್ನು. ಅಪ್ಪನ ಕಾರಿನ ಕಥೆಯನ್ನು ಕೇಳಿದವಳೇ, "ಹನಿ ಗಿನಿ ಎಲ್ಲ ಆಮೇಲೆ. ಮೊದಲು ಬದುಕ್ಕೊಂಡು ಬಾ" ಅಂದಳಂತೆ. ಬಟನ್ ದಿನಾ ಅವಳಿಂದ ಬೈಸಿಕೊಂಡು ಬಂದು ಮನೆಯಲ್ಲಿ ಅವಳಂತೆಯೇ ಕೂಗಿ ತೋರಿಸುತ್ತಿದ್ದಳು. "ಏಯ್, ಕನ್ನಡಿ ಏನು ಪೌಡರ್ ಹಾಕ್ಕೊಳೋಕೆ ಇಟ್ಟಿದ್ದಾರಾ?" ತಾತ ಹೊಟ್ಟೆ ಹಿಡಿದು ನಗುತ್ತಿದ್ದ. ಅಪ್ಪನೂ ನಗುತ್ತಿದ್ದ, ಎಲ್ಲರೂ ನಕ್ಕು ಮುಗಿಸಿದ ಮೇಲೆ.

ಆ ಭಾನುವಾರಗಳಲ್ಲಿ ಅವನು ಬಳಗಕ್ಕೆ ಫೋಟೋ ಹಾಕಲಿಲ್ಲ. ಮಗಳು ಹೇಗಿದ್ದಾಳೆ ಎಂದು ಒಬ್ಬಿಬ್ಬರು ಕೇಳಿದರು. ಚೆನ್ನಾಗಿದ್ದಾಳೆ ಎಂದು ಬರೆದ. ಡಿಕ್ಕಿಗೆ ತಾತನ ಕುರ್ಚಿ ವಾಪಸ್ಸು ಬಂತು. ಯಾರೂ ಕೇಳಿರಲಿಲ್ಲ.

ಎರಡನೇ ಸಲ ಬಟನ್ ಪಾಸಾದಳು. ಮರುದಿನ ಬೆಳಿಗ್ಗೆ ಎಲ್ಲರನ್ನೂ ಕೂರಿಸಿಕೊಂಡು ಅವಳೇ ಕಾರು ತೆಗೆದಳು. ಅಮ್ಮನನ್ನು ಬೇಕರಿಗೆ ಬಿಟ್ಟು, ತಾತನನ್ನು ಕಣ್ಣಿನ ಡಾಕ್ಟರಲ್ಲಿಗೆ ತಲುಪಿಸಿ, ತಾನು ಲ್ಯಾಬಿಗೆ. ಅಮ್ಮ ಮುಂದೆ ಕೂತಳು. ಹಿಂದೆ ತಾತನ ಪಕ್ಕದಲ್ಲಿ ಅಪ್ಪ, ಮಡಿಚಿದ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು. ಹೊರಡುವ ಮೊದಲೇ ಬಟನ್ ಹೀಟರ್ ಹಾಕಿದಳು. ಎಂಜಿನ್ ಎದ್ದಿತು. ಅಮ್ಮ ಚಪ್ಪಲಿಯಿಂದ ಪಾದ ಹೊರಗೆ ತೆಗೆದು ಬಿಸಿಗಾಳಿಗೆ ಹಿಡಿದು ಕಣ್ಣು ಮುಚ್ಚಿದಳು.

ವರ್ತುಲ ರಸ್ತೆಯ ಇಳಿಜಾರು ಬಂತು. ಲಾರಿಗಳು ಸಾಲುಗಟ್ಟಿದ್ದವು. ತಾತ ಮುಂದಕ್ಕೆ ಬಾಗಿ, "ಒತ್ತು ಮಗಳೇ" ಅಂದ. ಬಟನ್ ಕನ್ನಡಿ ನೋಡಿದಳು, ಒತ್ತಿದಳು. ಎಂಜಿನ್ ಬೊಬ್ಬೆ ಹೊಡೆಯಿತು, ಕಾರು ಎರಡು ಲಾರಿಗಳ ನಡುವೆ ಹೋಗಿ ಕೂತಿತು. ಅವಳ ಹೆಗಲ ಮೇಲಿಂದ ಅಪ್ಪನಿಗೆ ಪರದೆ ಕಾಣುತ್ತಿತ್ತು. ಪಟ್ಟಿ ಹಸಿರು ದಾಟಿ ತುದಿಯವರೆಗೆ ಹೋಗಿತ್ತು. ಅವನ ತುಟಿ ಅಲುಗಿತು. ಹೋಯ್ತು ಎನ್ನುವ ಮಾತನ್ನು ನುಂಗಿಕೊಂಡು ಕಂಬಳಿಯ ಮಡಿಕೆ ಸರಿಮಾಡಿದ.

ಲ್ಯಾಬಿನ ಬಾಗಿಲಲ್ಲಿ ಬಟನ್ ಇಳಿದಳು. ಅಷ್ಟರಲ್ಲಿ ಲ್ಯಾಬಿನ ಬಿಳೀ ಕಾರು ಗೇಟಿನಿಂದ ಹೊರಟಿತು. ಓಡಿಸುತ್ತಿದ್ದವಳು ಬಟನ್‌ಳ ಬದಲು ಸೇರಿದ್ದ ಹುಡುಗಿ, ದಾರಿ ಬಿಡಿ ಎಂದು ದೀಪ ಮಿನುಗಿಸಿದಳು. ಬಟನ್ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು, ಅಪ್ಪನಿಗೆ ಕೀಲಿ ಕೊಟ್ಟಳು.

"ಚೆನ್ನಾಗಿ ಓಡ್ಸಿದೆ" ಅಂದ ಅಪ್ಪ.

"ಹೂಂ. ಟೈರಿಗೆ ಗಾಳಿ ಕಮ್ಮಿ ಇದೆ, ನೋಡ್ಕೋ" ಎಂದು ಅವಳು ಒಳಗೆ ಹೋದಳು.

ಅಪ್ಪ ಡ್ರೈವರ್ ಸೀಟಿನಲ್ಲಿ ಕೂತ. ಅವಳು ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದಳು, ಮೊಣಕಾಲು ತಾಗುತ್ತಿತ್ತು. ಹಾಗೆಯೇ ಮನೆಗೆ ಓಡಿಸಿಕೊಂಡು ಬಂದ.

ಬೈಯುವುದಿಲ್ಲ ಎಂದದ್ದನ್ನು ಅವನು ನಡೆಸಿದ್ದ. ತಾನೇ ಕಲಿಸುತ್ತೇನೆ ಎಂದದ್ದನ್ನು ನಡೆಸಲಿಲ್ಲ. ಬಟನ್‌ಗೆ ಕಾರು ಓಡಿಸುವುದನ್ನು ಕಲಿಸಿದವರು ಬೇರೆಯವರು.